ಕಾರಟಗಿಯ ಬಿಸಿಲಿನಲ್ಲಿ ಉಪ್ಪಿನ ಲೆಕ್ಕ

ಹೊಟ್ಟೆಯ ಮೇಲೆ ಸ್ಟೋಮಾ, ಅಂದರೆ ಕರುಳಿನ ತುದಿಯನ್ನು ಹೊರತಂದು ಮಲ ಚೀಲಕ್ಕೆ ಹೋಗುವಂತೆ ಮಾಡುವ ಬಾಯಿ, ಮಾಡಿದವರಿಗೆ ಚೀಲ ಅಂಟಿಸುವುದು, ಬಿಚ್ಚುವುದು, ಸುತ್ತಲಿನ ಚರ್ಮ ಕಾಯುವುದು ಇವನ್ನೆಲ್ಲ ಆಸ್ಪತ್ರೆಯಲ್ಲಿಯೇ ಕಲಿಸಿ ಕಳುಹಿಸುತ್ತಾರೆ. ನನಗೂ ಕಲಿಸಿದ್ದರು. ಆದರೆ ಚೀಲದಿಂದ ಹರಿದುಹೋಗುವುದು ಮಿತಿ ಮೀರಿದರೆ ಏನು ಕುಡಿಯಬೇಕು, ಏನು ಕುಡಿಯಬಾರದು ಎಂಬುದು ನನಗೆ ತಿಳಿದದ್ದು ಸುಡುಬೇಸಿಗೆಯಲ್ಲಿ ಮತ್ತೊಮ್ಮೆ ಆಸ್ಪತ್ರೆ ಸೇರಿದ ನಂತರ. ನಮ್ಮ ಕಡೆ ಇಂಥ ಚೀಲ ಹಾಕಿಕೊಂಡವರು ಇಲ್ಲವೆಂದಲ್ಲ. ಸೀರೆಯ ಒಳಗೆ, ಅಂಗಿಯ ಒಳಗೆ ಮುಚ್ಚಿಟ್ಟುಕೊಂಡು ಓಡಾಡುತ್ತಾರೆ, ಯಾರೊಂದಿಗೂ ಮಾತನಾಡುವುದಿಲ್ಲ. ಮಾತನಾಡದೆ ಇರುವುದರಿಂದ ಜೀವಕ್ಕೆ ಕುತ್ತು ಬರಬಹುದು ಎಂದು ಅನುಭವದಿಂದ ಗೊತ್ತಾಗಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ನಾನು ಕೊಪ್ಪಳ ಜಿಲ್ಲೆಯ ಕಾರಟಗಿ ತಾಲ್ಲೂಕಿನ ಪ್ರಾಥಮಿಕ ಶಾಲೆಯೊಂದರ ಶಿಕ್ಷಕಿ. ಟೈಫಾಯಿಡ್ ಉಲ್ಬಣಿಸಿ ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ತೂತು ಬಿದ್ದಿತ್ತು. ರಾತ್ರೋರಾತ್ರಿ ಬಳ್ಳಾರಿಗೆ ಕರೆದೊಯ್ದರು. ಅಲ್ಲಿ ಕೆಟ್ಟ ಭಾಗವನ್ನು ಕತ್ತರಿಸಿ ತೆಗೆದು, ಉಳಿದ ಕರುಳಿನ ತುದಿಯನ್ನು ಹೊಟ್ಟೆಯ ಬಲಬದಿಗೆ ಹೊರತಂದು ಹೊಲಿದರು. ಇದಕ್ಕೆ ಇಲಿಯಾಸ್ಟಮಿ ಎನ್ನುತ್ತಾರೆ. ಮೈಯಲ್ಲಿ ಶಕ್ತಿ ಬಂದ ಮೇಲೆ ಮತ್ತೆ ಒಳಗೆ ಜೋಡಿಸುವುದಾಗಿ ಹೇಳಿದರು. ಕತ್ತರಿಸಿದ ಭಾಗ ಸ್ವಲ್ಪ ಉದ್ದವೇ ಇದ್ದುದರಿಂದ ನನ್ನ ಸ್ಟೋಮಾ ಕರುಳಿನ ಹಾದಿಯಲ್ಲಿ ಸಾಮಾನ್ಯಕ್ಕಿಂತ ಮೇಲಿನ ಮಟ್ಟದಲ್ಲಿದೆ ಎಂದರು. ಆ ಮಾತಿನ ಅರ್ಥ ಮನೆಗೆ ಬಂದ ಮೇಲೆ ನಿಧಾನವಾಗಿ ತಿಳಿಯತೊಡಗಿತು.

ಚೀಲ ತುಂಬುತ್ತಿತ್ತು, ಬರಿದು ಮಾಡಿದರೆ ಮತ್ತೆ ತುಂಬುತ್ತಿತ್ತು. ಹೊರಬರುತ್ತಿದ್ದುದು ಬಹುತೇಕ ನೀರು. ನಾಲಿಗೆ ಅಂಟಂಟು, ಎದ್ದು ನಿಂತರೆ ಕಣ್ಣು ಕತ್ತಲೆ, ಮೂತ್ರ ಕಡು ಹಳದಿ, ಅದೂ ಚೂರೇ ಚೂರು. ಏಪ್ರಿಲ್ ತಿಂಗಳು. ಹೊರಗೆ 40 ಡಿಗ್ರಿ ದಾಟಿದ ಬಿಸಿಲು. ಬಾಯಾರಿದವಳಿಗೆ ನೀರು ಕೊಡದವರು ಯಾರು? ಅತ್ತೆ ಹಾಸಿಗೆಯ ಬಳಿ ತಂಬಿಗೆ ತುಂಬಿಸಿಡುತ್ತಿದ್ದರು. "ಕುಡಿಯವ್ವಾ, ತುಟಿ ಒಡೆದುಹೋಗಿದೆ ನೋಡು" ಎನ್ನುತ್ತಿದ್ದರು. ನೋಡಲು ಬಂದವರೆಲ್ಲ ಎಳನೀರು ತಂದರು. ಕುಡಿದಷ್ಟೂ ಚೀಲ ಬೇಗ ತುಂಬಿತು, ಚೀಲ ತುಂಬಿದಷ್ಟೂ ಬಾಯಾರಿಕೆ ಹೆಚ್ಚಿತು. ಕೊನೆಗೆ ಮೀನಖಂಡ ಹಿಡಿದುಕೊಂಡು, ಬೆರಳ ತುದಿಗಳಲ್ಲಿ ಜೋಮು ಹತ್ತಿ, ಮನೆಯವರು ನನ್ನನ್ನು ಎತ್ತಿಕೊಂಡೇ ಕಾರು ಹತ್ತಿಸಬೇಕಾಯಿತು.

ರಕ್ತ ಪರೀಕ್ಷೆಯಲ್ಲಿ, ಮೂತ್ರಪಿಂಡ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ಏರಿತ್ತು, ಮೆಗ್ನೀಷಿಯಮ್ ಇಳಿದಿತ್ತು. ಮೂತ್ರದಲ್ಲಿನ ಸೋಡಿಯಮ್, ಅಂದರೆ ಉಪ್ಪಿನ ಮುಖ್ಯ ಅಂಶವನ್ನೂ ಅಳೆಸಿದರು, ಅದರ ಅಳತೆ ಮಿಲಿಮೋಲ್ ಎಂಬ ಮಾನದಲ್ಲಿ. ಅದು ಲೀಟರಿಗೆ 20 ಮಿಲಿಮೋಲ್‌ಗಿಂತ ಕೆಳಗಿದ್ದರೆ ದೇಹ ಉಪ್ಪಿಗಾಗಿ ಪರದಾಡುತ್ತಿದೆ ಎಂದು ಅರ್ಥವಂತೆ, ರಕ್ತದಲ್ಲಿ ಸೋಡಿಯಮ್ ಸರಿಯಾಗಿ ಕಂಡರೂ ಸಹ. ಸಲೈನ್ ಹಚ್ಚಿದರು, ಮೆಗ್ನೀಷಿಯಮನ್ನೂ ರಕ್ತನಾಳದ ಮೂಲಕವೇ ಕೊಟ್ಟರು. ಅದರ ಜೊತೆಗೆ ಸೋಂಕು ಇದೆಯೇ, ಕರುಳು ಎಲ್ಲಿಯಾದರೂ ಅರ್ಧ ಕಟ್ಟಿಕೊಂಡಿದೆಯೇ, ಭೇದಿ ಹೆಚ್ಚಿಸುವ ಮಾತ್ರೆ ಯಾವುದಾದರೂ ನಡೆದಿದೆಯೇ ಎಂದು ಒಂದೊಂದಾಗಿ ನೋಡಿದರು. ಅವು ಯಾವುದೂ ಕಾರಣವಲ್ಲವೆಂದು ಖಚಿತವಾದ ಮೇಲೆಯೇ ವೈದ್ಯರು ನನ್ನ ಮಂಚದ ಬಳಿ ಕುಳಿತು ವಿವರಿಸಿದ್ದು.

"ಟೀಚರ್, ಹೋಗಿರುವುದು ನೀರೊಂದೇ ಅಲ್ಲ, ಉಪ್ಪು ಕೂಡ. ಉಪ್ಪಿಲ್ಲದೆ ಕುಡಿದ ನೀರು ನಿಮ್ಮ ಕರುಳಿನಲ್ಲಿ ನಿಲ್ಲುವುದಿಲ್ಲ."

ನೀರನ್ನೂ ಉಪ್ಪನ್ನೂ ಕೊನೆಯಲ್ಲಿ ಹೀರಿ ರಕ್ತಕ್ಕೆ ಮರಳಿಸುವುದು ದೊಡ್ಡ ಕರುಳು. ನನ್ನಲ್ಲಿ ಆಹಾರ ಅಲ್ಲಿಗೆ ತಲುಪುವ ಮೊದಲೇ ಹೊರಗೆ ಬಂದುಬಿಡುತ್ತದೆ. ಇನ್ನು ಸಣ್ಣ ಕರುಳಿನ ಮೇಲ್ಭಾಗದ ಗೋಡೆ ಬಿಗಿಯಾದುದಲ್ಲ. ಉಪ್ಪು ಕಡಿಮೆ ಇರುವ ದ್ರವ ಅದರೊಳಗೆ ಇಳಿದರೆ ರಕ್ತದಲ್ಲಿರುವ ಸೋಡಿಯಮ್ ಕರುಳಿನೊಳಕ್ಕೆ ಜಿನುಗುತ್ತದೆ, ಅದರ ಬೆನ್ನಿಗೆ ನೀರೂ ಬರುತ್ತದೆ, ಎರಡೂ ಸೇರಿ ಚೀಲಕ್ಕೆ ಹೋಗುತ್ತವೆ. ಬರಿ ನೀರು, ಚಹಾ, ಎಳನೀರು ಎಲ್ಲವೂ ಈ ಲೆಕ್ಕಕ್ಕೇ ಬರುತ್ತವೆ. ಎಳನೀರಿನಲ್ಲಿ ಪೊಟ್ಯಾಸಿಯಮ್ ಧಾರಾಳವಾಗಿದೆ, ಸೋಡಿಯಮ್ ಕಡಿಮೆ. ಇಲಿಯಾಸ್ಟಮಿಯಿಂದ ಹೊರಬರುವ ಒಂದು ಲೀಟರಿನಲ್ಲಿ ಸುಮಾರು 100 ಮಿಲಿಮೋಲ್ ಸೋಡಿಯಮ್ ಇರುತ್ತದೆ. ಅಡುಗೆ ಉಪ್ಪಿಗೆ ಪರಿವರ್ತಿಸಿದರೆ ಹತ್ತಿರ ಹತ್ತಿರ 6 ಗ್ರಾಂ. ದಿನಕ್ಕೆ ಎರಡು ಲೀಟರ್ ಹೋದರೆ 12 ಗ್ರಾಂ. ಇಷ್ಟು ಉಪ್ಪನ್ನು ಯಾವ ಊಟವೂ ತಾನಾಗಿ ತುಂಬಿಕೊಡುವುದಿಲ್ಲ.

ಸ್ಟೋಮಾ ಹೊಂದಿಕೊಂಡ ಮೇಲೆ ದಿನಕ್ಕೆ 500ರಿಂದ 800 ಮಿಲಿಲೀಟರ್, ಹೆಚ್ಚೆಂದರೆ ಒಂದು ಲೀಟರ್ ಹೊರಬರುವುದು ಸಾಮಾನ್ಯ. 1500 ಮಿಲಿಲೀಟರ್ ದಾಟಿದರೆ ಎಚ್ಚರಿಕೆ ಬೇಕು. ನನ್ನದು ಎರಡು ಲೀಟರಿನ ಮೇಲಿತ್ತು. ಅಂದಿನಿಂದ ಬಚ್ಚಲಲ್ಲಿ ಗೆರೆ ಹಾಕಿದ ಪ್ಲಾಸ್ಟಿಕ್ ಜಗ್ ಎರಡು ನಿಂತವು, ಒಂದು ಚೀಲದ್ದಕ್ಕೆ, ಇನ್ನೊಂದು ಮೂತ್ರಕ್ಕೆ. ಪಕ್ಕದಲ್ಲಿ ದಾರ ಕಟ್ಟಿ ನೇತುಹಾಕಿದ ನೋಟುಪುಸ್ತಕ. ಮೂತ್ರ ದಿನಕ್ಕೆ ಒಂದು ಲೀಟರಿನ ಆಸುಪಾಸಿಗೆ ಬರಬೇಕು ಎಂಬುದು ವೈದ್ಯರು ಕೊಟ್ಟ ಗುರಿ. ಚೀಲವನ್ನು ಮೂರನೆಯ ಒಂದು ಭಾಗ ತುಂಬಿದಾಗಲೇ ಬರಿದು ಮಾಡಬೇಕು, ಭಾರಕ್ಕೆ ಅಂಟು ಬಿಟ್ಟರೆ ಚರ್ಮ ಸುಟ್ಟಂತೆ ಕೆಂಪಾಗುತ್ತದೆ ಎಂಬುದೂ ಆಗ ಮನದಟ್ಟಾಯಿತು.

ಔಷಧಿಗಿಂತ ಹೆಚ್ಚಾಗಿ ನನ್ನನ್ನು ಎತ್ತಿ ನಿಲ್ಲಿಸಿದ್ದು ಒಂದು ಲೀಟರ್ ದ್ರಾವಣ. ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಹೆಸರಿನಲ್ಲಿ ಪ್ರಸಿದ್ಧವಾದ ಮಿಶ್ರಣ ಅದು: ಒಂದು ಲೀಟರ್ ನೀರಿಗೆ 20 ಗ್ರಾಂ ಗ್ಲೂಕೋಸ್ ಪುಡಿ, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾ. ಇದರಲ್ಲಿ ಸೋಡಿಯಮ್ ಸುಮಾರು 90 ಮಿಲಿಮೋಲ್ ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಒಆರ್‌ಎಸ್ ಪೊಟ್ಟಣದಲ್ಲಿ 2002ರಿಂದ 75 ಮಿಲಿಮೋಲ್ ಇದೆ. ಮಕ್ಕಳ ಭೇದಿಗೆ ಅದು ಸರಿ, ನನ್ನಂಥವರಿಗೆ ಸ್ವಲ್ಪ ಸಾಲದು. ಆದರೂ ಬಸ್ಸಿನಲ್ಲಿ ಹೋಗುವಾಗ, ನೆಂಟರ ಮನೆಯಲ್ಲಿ ಉಳಿಯುವಾಗ ಪೊಟ್ಟಣವೇ ಗತಿ. ನಮ್ಮ ಓಣಿಯ ಆಶಾ ಕಾರ್ಯಕರ್ತೆ ಅವುಗಳನ್ನು ತಪ್ಪದೆ ತಲುಪಿಸುತ್ತಿದ್ದರು. ಔಷಧಿ ಅಂಗಡಿಯಲ್ಲಿ ಒಆರ್‌ಎಸ್ ಕೇಳಿದರೆ ಹಣ್ಣಿನ ಚಿತ್ರವಿರುವ ಸಿಹಿ ಪಾನೀಯದ ಡಬ್ಬಿ ಕೊಡುತ್ತಿದ್ದ ಕಾಲವಿತ್ತು. ಸೂತ್ರಕ್ಕೆ ಹೊಂದದ ಪಾನೀಯಗಳು ಆ ಹೆಸರನ್ನು ಬಳಸಕೂಡದೆಂದು 2025ರ ಅಕ್ಟೋಬರಿನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಆದೇಶಿಸಿತು. ಬಹಳ ಒಳ್ಳೆಯ ಕೆಲಸ. ಸಕ್ಕರೆ ಹೆಚ್ಚಿರುವ ಪಾನೀಯ ಕರುಳಿನೊಳಕ್ಕೆ ನೀರನ್ನು ಎಳೆಯುತ್ತದೆ, ನನ್ನಂಥ ರೋಗಿಗೆ ಅದು ಔಷಧಿಯ ಹೆಸರಿನ ಅಪಾಯ.

ಉಪ್ಪು ಬೇಕು ಸರಿ, ಗ್ಲೂಕೋಸ್ ಏಕೆ ಎಂದು ನಾನು ಕೇಳಿದೆ. ಕರುಳಿನ ಗೋಡೆಯಲ್ಲಿ ಸೋಡಿಯಮ್ ಮತ್ತು ಗ್ಲೂಕೋಸ್ ಒಟ್ಟಿಗೆ ದಾಟುವ ಬಾಗಿಲುಗಳಿವೆಯಂತೆ. ಅವು ಜೋಡೆತ್ತುಗಳ ಹಾಗೆ, ಒಂದನ್ನು ಬಿಟ್ಟು ಇನ್ನೊಂದನ್ನು ಹೂಡಿದರೆ ನೊಗ ಮುಂದಕ್ಕೆ ಹೋಗುವುದಿಲ್ಲ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಸಲೈನ್ ಮುಗಿದುಹೋದಾಗ ವೈದ್ಯ ದಿಲೀಪ್ ಮಹಲನಬಿಸ್ ಅವರು ಉಪ್ಪು, ಗ್ಲೂಕೋಸ್ ಬೆರೆಸಿದ ನೀರನ್ನೇ ಕುಡಿಸಿ ಸಾವಿರಾರು ಜೀವ ಉಳಿಸಿದ್ದು ಈ ಜೋಡಿಯ ಬಲದಿಂದಲೇ. ಅವರಿಗೆ 2023ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಬಂದಾಗ ನಾನು ಶಾಲೆಯ ಪ್ರಾರ್ಥನೆಯಲ್ಲಿ ಆ ಸುದ್ದಿ ಓದಿಸಿದ್ದೆ. ಅದೇ ನೀರು ನನ್ನ ಪಾಲಿಗೆ ಬರುತ್ತದೆಂದು ಆಗ ತಿಳಿದಿರಲಿಲ್ಲ.

ಚಮಚದ ಅಳತೆಯನ್ನು ನಾನು ನೆಚ್ಚಲಿಲ್ಲ. ಒಂದೊಂದು ಮನೆಯ ಚಮಚ ಒಂದೊಂದು ಗಾತ್ರ. ಗ್ರಾಮಿನ ಹತ್ತನೆಯ ಒಂದು ಭಾಗ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿಯನ್ನು ಮನೆಯವರು ತರಿಸಿಕೊಟ್ಟರು. ಬೆಳಗ್ಗೆ ಫ್ಯಾನ್ ಹಾಕುವ ಮೊದಲೇ ಈ ಕೆಲಸ ಮುಗಿಯಬೇಕು, ಗಾಳಿಗೆ ತಕ್ಕಡಿಯ ಅಂಕಿ ನಿಲ್ಲುವುದಿಲ್ಲ. ಮಡಿಸಿದ ಕಾಗದವನ್ನು ತಟ್ಟೆಯ ಮೇಲಿಟ್ಟು ಸೊನ್ನೆಗೆ ತಂದು, ಬೆರಳ ತುದಿಯಲ್ಲಿ ಉಪ್ಪನ್ನು ಉದುರಿಸುತ್ತಾ ಹೋಗುವುದು. 3.2, 3.4, 3.5. ಕಾಗದದ ಮಡಿಕೆಯಿಂದ ಉಪ್ಪು ಸ್ಟೀಲ್ ಪಾತ್ರೆಗೆ ಜಾರುತ್ತದೆ. ಆಮೇಲೆ ಸೋಡಾ, ಆಮೇಲೆ ಗ್ಲೂಕೋಸ್. ಕುದಿಸಿ ಆರಿಸಿದ ನೀರು ಸುರಿದು ತಳದಲ್ಲಿ ಕಾಳು ಕಾಣದಂತೆ ಕಲಕಿ ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಡುತ್ತೇನೆ. ಗ್ಲೂಕೋಸ್ ಬಣ್ಣ, ವಾಸನೆ ಬೆರೆಸದ ಸಾದಾ ಪುಡಿಯಾಗಿರಬೇಕು. ಮರುದಿನಕ್ಕೆ ಉಳಿದರೆ ಚೆಲ್ಲಿ ಹೊಸದು ಮಾಡುತ್ತೇನೆ. ರುಚಿ ಕಣ್ಣೀರಿನ ರುಚಿಯೇ. ತಣ್ಣಗಿದ್ದರೆ, ನಾಲ್ಕು ಹನಿ ನಿಂಬೆರಸ ಬಿದ್ದರೆ ಗಂಟಲಲ್ಲಿ ಇಳಿಯುತ್ತದೆ. ಗಟಗಟ ಕುಡಿಯಬಾರದು, ದಿನವಿಡೀ ಗುಟುಕು ಗುಟುಕಾಗಿ ಮುಗಿಸಬೇಕು.

ಉಳಿದ ದ್ರವಗಳೆಲ್ಲ ಸೇರಿ, ಅಂದರೆ ನೀರು, ಚಹಾ, ಮಜ್ಜಿಗೆ, ತಿಳಿಸಾರು ಎಲ್ಲವೂ ಸೇರಿ, ನನಗೆ ಮೊದಲು ಅರ್ಧ ಲೀಟರ್ ಮಾತ್ರ ಎಂದು ಕಟ್ಟಿದರು. ಮುಂದೆ ಒಂದು ಲೀಟರಿಗೆ ಬಿಟ್ಟರು. ಬಿಸಿಲು ಕಾಲದಲ್ಲಿ ಅರ್ಧ ಲೀಟರ್! ಆ ಮೊದಲ ದಿನಗಳು ಬಹಳ ಕಷ್ಟದವು. ಬಾಯಿ ಮುಕ್ಕಳಿಸಿ ಉಗುಳುತ್ತಿದ್ದೆ, ಐಸ್ ಚೂರನ್ನು ನಾಲಿಗೆಯ ಮೇಲಿಟ್ಟುಕೊಳ್ಳುತ್ತಿದ್ದೆ, ಒದ್ದೆ ಬಟ್ಟೆಯನ್ನು ಕುತ್ತಿಗೆಗೆ ಸುತ್ತಿಕೊಳ್ಳುತ್ತಿದ್ದೆ. ಮನೆಯವರು ಎಳನೀರು ತಂದವರನ್ನು ಬಾಗಿಲಲ್ಲೇ ಕೂರಿಸಿ ವಿವರಿಸುತ್ತಿದ್ದರು. ಎಷ್ಟೋ ಜನರಿಗೆ ಬೇಸರವೂ ಆಯಿತು. ರೋಗಿಗೆ ನೀರು ಕೊಡದ ಮನೆ ಎಂದು ಆಡಿಕೊಂಡವರೂ ಇದ್ದಾರೆ. ಆದರೆ ಮೈಯಲ್ಲಿ ಉಪ್ಪು ತುಂಬುತ್ತಾ ಬಂದಂತೆ ಬಾಯಾರಿಕೆ ತಾನಾಗಿ ತಗ್ಗಿತು. ಬಾಯಾರಿಕೆಯನ್ನು ನೀರಿನಿಂದಲ್ಲದೆ ಹೀಗೂ ತಣಿಸಬಹುದು ಎಂಬುದನ್ನು ಸ್ವತಃ ಕಾಣದೆ ಇದ್ದಿದ್ದರೆ ನಾನೂ ನಂಬುತ್ತಿರಲಿಲ್ಲ.

ಊಟದ ವಿಷಯ ಬೇರೆಯೇ ಹೋರಾಟ. ಅತ್ತೆಗೆ ರಕ್ತದೊತ್ತಡ ಇರುವುದರಿಂದ ನಮ್ಮ ಮನೆಯಲ್ಲಿ ಉಪ್ಪಿಗೆ ಕೈ ಬಿಗಿ. ಈಗ ಅದೇ ಅಡುಗೆಮನೆಯಲ್ಲಿ ನನ್ನ ತಟ್ಟೆಗೆ ಮೇಲಿನಿಂದ ಉಪ್ಪು ಬೀಳಬೇಕು. ಜೋಳದ ರೊಟ್ಟಿ ನಿಲ್ಲಬೇಕು. ಪುಂಡಿಪಲ್ಯ, ಹಸಿ ಮೆಂತ್ಯ, ಸೌತೆಕಾಯಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಯಾವುದೂ ಕೂಡದು. ನಾರು ಹೆಚ್ಚಿದ್ದರೆ ಆಹಾರ ಬೇಗ ಹರಿದುಹೋಗುತ್ತದೆ, ಸಿಪ್ಪೆ, ಬೀಜ, ಕಾಳು ಸ್ಟೋಮಾದ ಬಾಯಿಯಲ್ಲಿ ಸಿಕ್ಕಿಕೊಂಡು ಕಟ್ಟಿಕೊಳ್ಳುವ ಭಯವೂ ಇದೆ. ಅತ್ತೆಗೆ ರೊಟ್ಟಿ ಇಲ್ಲದ್ದು ಊಟವೇ ಅಲ್ಲ. "ರೊಟ್ಟಿ ತಿನ್ನದೆ ಕಸುವು ಹೇಗೆ ಬರುತ್ತದೆ?" ಎಂದು ದಿನವೂ ಕೇಳುತ್ತಿದ್ದರು. ಆ ಪ್ರಶ್ನೆಯಲ್ಲಿ ಪ್ರೀತಿಯೇ ಇತ್ತು.

ಅವರನ್ನು ಒಪ್ಪಿಸಿದ್ದು ಹೊಸ ಅಕ್ಕಿ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗಿನ ನಮ್ಮ ಗದ್ದೆಯಲ್ಲಿ ಬೆಳೆಯುವುದು ಸೋನಾ ಮಸೂರಿ. ನಮ್ಮ ಸೀಮೆಯಲ್ಲಿ ಹೊಸ ಅಕ್ಕಿಗೆ ಮರ್ಯಾದೆ ಕಡಿಮೆ. ಅನ್ನ ಮುದ್ದೆಯಾಗುತ್ತದೆ ಎಂದು ವರ್ಷ ಕಳೆದ ಅಕ್ಕಿಯನ್ನೇ ಮನೆಗೆ ಇಟ್ಟುಕೊಳ್ಳುತ್ತಾರೆ. ನನಗೆ ಬೇಕಾದದ್ದು ಆ ಮುದ್ದೆಯೇ. ಕೊಯ್ಲು ಮುಗಿದು ಮಿಲ್ಲಿನಿಂದ ಬಂದ ಅಕ್ಕಿಯನ್ನು ಅತ್ತೆ ಎರಡು ಪಟ್ಟು ಹೊತ್ತು ಬೇಯಿಸಿ, ಸೌಟಿನ ಬೆನ್ನಿನಿಂದ ಮಸೆದು, ಉಪ್ಪು ಮತ್ತು ತುಪ್ಪ ಹಾಕಿ, ಗಟ್ಟಿ ಮೊಸರಿನೊಂದಿಗೆ ಕೊಡತೊಡಗಿದರು. ಚೀಲದಲ್ಲಿ ಬರುತ್ತಿದ್ದುದು ದಿನದಿಂದ ದಿನಕ್ಕೆ ಗಂಜಿಯ ಹದಕ್ಕೆ ಬಂತು. ಅದನ್ನು ಅವರಿಗೆ ಹೇಳಿದಾಗ ಅವರು ಅಡುಗೆಯನ್ನೇ ಔಷಧಿಯಾಗಿ ಕೈಗೆತ್ತಿಕೊಂಡರು. ಸಾಬೂದಾನಿ, ಸಿಪ್ಪೆ ತೆಗೆದು ಬೇಯಿಸಿದ ಆಲೂಗಡ್ಡೆ, ಬಾಳೆಹಣ್ಣು, ನುಣ್ಣಗೆ ಸೋಸಿದ ಹೆಸರುಬೇಳೆ, ಮೊಟ್ಟೆ, ಮೆತ್ತಗೆ ಬೇಯಿಸಿದ ಕೋಳಿ. ಸಂಜೆಗೆ ಖಾರ, ಶೇಂಗಾ ಇಲ್ಲದೆ ಉಪ್ಪು ಎಣ್ಣೆ ಮಾತ್ರ ಹಚ್ಚಿದ ಮಂಡಕ್ಕಿ, ಅದನ್ನೂ ಚೆನ್ನಾಗಿ ಅಗಿದು. ನಮ್ಮೂರ ಒಗ್ಗರಣೆ-ಮಿರ್ಚಿಯ ವಾಸನೆ ಮೂಗಿಗೆ ಬಡಿಯುವ ಹೊತ್ತಿನಲ್ಲಿ ಅಷ್ಟಾದರೂ ಕೈಯಲ್ಲಿರುತ್ತಿತ್ತು.

ಊಟದ ಜೊತೆ ಕುಡಿಯಬಾರದು, ಅರ್ಧ ಗಂಟೆ ಮೊದಲೂ ಅರ್ಧ ಗಂಟೆ ನಂತರವೂ. ಇದು ಸಣ್ಣ ಮಾತೆನಿಸಿದರೂ ನನ್ನ ನೋಟುಪುಸ್ತಕದಲ್ಲಿ ಇದರ ಪರಿಣಾಮ ಎದ್ದು ಕಾಣುತ್ತದೆ. ಅನ್ನಕ್ಕೆ ನೀರು ಸೇರಿದರೆ ಎರಡೂ ಒಟ್ಟಿಗೆ ಸರಿದು ಹೊರಗೆ ಬರುತ್ತವೆ. ಒಂದೇ ಸಲ ಹೊಟ್ಟೆ ತುಂಬ ಉಣ್ಣುವ ಬದಲು ಸ್ವಲ್ಪ ಸ್ವಲ್ಪವಾಗಿ ಹಲವು ಹೊತ್ತು ಉಣ್ಣುವುದು, ರಾತ್ರಿಯ ಊಟ ಬೇಗ ಮುಗಿಸುವುದು, ಇವುಗಳಿಂದ ನಿದ್ದೆ ಮರಳಿ ಬಂತು. ಕಬ್ಬಿನ ಹಾಲು, ಮಾವಿನ ರಸ, ತಂಪು ಪಾನೀಯ ಎಲ್ಲ ಬಿಟ್ಟೆ. ಚಹಾ ಬೆಳಗ್ಗೆ ಅರ್ಧ ಲೋಟ ಮಾತ್ರ. ಇಸಬಗೋಲು ತಿನ್ನು, ಗಟ್ಟಿಯಾಗುತ್ತದೆ ಎಂದು ಹಲವರು ಹೇಳಿದರು. ವೈದ್ಯರು ಬೇಡವೆಂದರು. ನೋಡಲು ಗಟ್ಟಿಯಾದಂತೆ ಕಂಡರೂ ಉಪ್ಪಿನ ನಷ್ಟ ಅದರಿಂದ ನಿಲ್ಲುವುದಿಲ್ಲ.

ಔಷಧಿಗಳು ಎರಡು. ಕರುಳಿನ ಓಟವನ್ನು ನಿಧಾನಿಸುವ ಲೋಪೆರಮೈಡ್, ಊಟಕ್ಕೆ ಅರ್ಧ ಗಂಟೆ ಮೊದಲು. ಜಠರದ ರಸ ತಗ್ಗಿಸುವ ಒಮೆಪ್ರಜೋಲ್. ಲೋಪೆರಮೈಡ್ ಎಷ್ಟು ಎಂಬುದನ್ನು ವೈದ್ಯರೇ ನಿರ್ಧರಿಸಬೇಕು, ಅಂಗಡಿಯವರ ಮಾತಿನ ಮೇಲೆ ಹೆಚ್ಚಿಸಿಕೊಳ್ಳುವ ಮಾತ್ರೆಯಲ್ಲ ಅದು, ಮಿತಿ ಮೀರಿದರೆ ಹೃದಯದ ಬಡಿತ ಕೆಡಬಹುದು. ನಿಧಾನವಾಗಿ ಕರಗುವ ಮಾತ್ರೆಗಳು ನಮ್ಮ ಚೀಲದಲ್ಲಿ ಇಡಿಯಾಗಿ ಬಂದುಬಿಡಬಹುದು. ಹಾಗೆ ಕಂಡರೆ ವೈದ್ಯರಿಗೆ ತಿಳಿಸಬೇಕು. ಬಿ12 ಜೀವಸತ್ವ ಹೀರಲ್ಪಡುವುದು ಸಣ್ಣ ಕರುಳಿನ ಕೊನೆಯ ಭಾಗದಲ್ಲಿ, ನನ್ನಲ್ಲಿ ಕತ್ತರಿಸಿ ತೆಗೆದದ್ದು ಅದನ್ನೇ. ಆದ್ದರಿಂದ ಅದರ ಚುಚ್ಚುಮದ್ದು ಬೇಕಾಗುತ್ತದೆ.

ಶಾಲೆ ಮತ್ತೆ ತೆರೆಯುವ ಹೊತ್ತಿಗೆ ನನ್ನ ಜಗ್‌ನ ಗೆರೆ ಸಾವಿರದ ಆಸುಪಾಸಿಗೆ ಇಳಿದಿತ್ತು. ಮೇಜಿನ ಮೇಲೆ ದ್ರಾವಣದ ಬಾಟಲಿ, ಕೈಚೀಲದಲ್ಲಿ ಬದಲಿ ಚೀಲ, ಕತ್ತರಿ, ಪೌಡರ್. ಮಕ್ಕಳು ಬಾಟಲಿ ನೋಡಿ ಏನೆಂದು ಕೇಳಿದಾಗ ಮುಚ್ಚಿಡಲಿಲ್ಲ. ಪರಿಸರ ಅಧ್ಯಯನದ ಪಾಠದಲ್ಲಿ ಹೇಗಿದ್ದರೂ ಭೇದಿಯಾದಾಗ ಏನು ಕುಡಿಸಬೇಕೆಂದು ಹೇಳಿಕೊಡಬೇಕಿತ್ತು. ತಕ್ಕಡಿಯನ್ನೇ ತರಗತಿಗೆ ಒಯ್ದೆ. ಪ್ರತಿಯೊಬ್ಬರೂ ಸರದಿಯಲ್ಲಿ ಉಪ್ಪು ತೂಗಿದರು.

ಕಳೆದ ತಿಂಗಳು ಆಶಾ ಕಾರ್ಯಕರ್ತೆ ಪಕ್ಕದ ಊರಿನ ದಂಪತಿಯನ್ನು ಮನೆಗೆ ಕರೆತಂದರು. ಗಂಡನಿಗೆ ಇತ್ತೀಚೆಗೆ ಸಣ್ಣ ಕರುಳಿನ ಸ್ಟೋಮಾ ಆಗಿದೆ. ಕಣ್ಣು ಒಳಗೆ ಹೋಗಿದ್ದವು, ಕೈಯಲ್ಲಿ ಎರಡು ಲೀಟರಿನ ನೀರಿನ ಬಾಟಲಿ. ಹೆಂಡತಿ ನನ್ನ ಮಾತನ್ನೆಲ್ಲ ಗಮನವಿಟ್ಟು ಕೇಳಿ, "ಅಕ್ಕಾ, ಇವರಿಗೆ ಬಿಪಿ ಇದೆ. ಇಷ್ಟು ಉಪ್ಪು ಕೊಟ್ಟರೆ ನಡೆಯುತ್ತದೆಯೇ?" ಎಂದರು. ಸರಿಯಾದ ಪ್ರಶ್ನೆ. ರಕ್ತದೊತ್ತಡ, ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇದ್ದವರ ಲೆಕ್ಕ ಬೇರೆ, ಸಕ್ಕರೆ ಕಾಯಿಲೆಯವರದೂ ಬೇರೆ, ದೊಡ್ಡ ಕರುಳಿನ ಸ್ಟೋಮಾ ಇರುವವರಿಗೆ ಈ ಲೆಕ್ಕವೇ ಅನ್ವಯಿಸುವುದಿಲ್ಲ. ನಿಮ್ಮ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರನ್ನೇ ಕೇಳಿ ಎಂದೆ. ಆದರೆ ಇವರ ಸ್ಥಿತಿ ನೋಡಿದರೆ ನಾಳೆಗೆ ಮುಂದೂಡುವಂತಿಲ್ಲ, ಎದ್ದರೆ ತಲೆ ಸುತ್ತುತ್ತಿದೆ, ಬೆಳಗ್ಗೆಯಿಂದ ಮೂತ್ರ ಬಂದಿಲ್ಲ, ಇವತ್ತೇ ಹೊರಡಿ, ಹೋಗುವಾಗ ಚೀಲದಿಂದ ಎಷ್ಟು ಹೋಯಿತು ಎಂಬುದನ್ನು ಅಳೆದು ಬರೆದುಕೊಂಡು ಹೋಗಿ ಎಂದೆ. ನನ್ನ ಎರಡು ಜಗ್‌ಗಳಲ್ಲಿ ಹೊಸದಾಗಿ ತಂದಿಟ್ಟಿದ್ದ ಒಂದನ್ನು ಅವರಿಗೆ ಕೊಟ್ಟೆ. ಗಂಗಾವತಿಗೆ ಹೋಗುವ ಆಟೋಗೆ ಮನೆಯವರು ಫೋನ್ ಮಾಡಿದರು.